ಪೈಪೋಟಿಗೆ ಬಿದ್ದ ಅಪಾಯಗಳ ಲೆಕ್ಕ

ಉಳಿವಿನ ವಿಶ್ಲೇಷಣೆ ಎಂಬುದು ಕಾಲವನ್ನು ಅಳೆಯುವ ಸಂಖ್ಯಾಶಾಸ್ತ್ರ. ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಸಾವಿನವರೆಗೆ, ಮಂಡಿಗೆ ಕೃತಕ ಕೀಲು ಹಾಕಿದ ದಿನದಿಂದ ಅದು ಸಡಿಲವಾಗಿ ಮತ್ತೆ ಆಪರೇಷನ್ ಆಗುವವರೆಗೆ, ಡಯಾಲಿಸಿಸ್ ಶುರುವಾದ ದಿನದಿಂದ ಕಿಡ್ನಿ ಕಸಿಯವರೆಗೆ ಎಷ್ಟು ಕಾಲ ಹಿಡಿಯಿತು ಎಂಬುದೇ ಅದರ ಮೂಲ ಸಾಮಗ್ರಿ. ಕಾಯುತ್ತಿರುವುದು ಒಂದೇ ಘಟನೆಗಾದರೆ ಲೆಕ್ಕ ಸಲೀಸು. ಬದುಕಿನಲ್ಲಿ ಹಾಗಾಗುವುದು ಅಪರೂಪ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಚೇತರಿಸಿಕೊಂಡ ಎಪ್ಪತ್ತರ ಅಜ್ಜಿ ಹೃದಯಾಘಾತದಿಂದ ತೀರಿಕೊಳ್ಳಬಹುದು. ಆಮೇಲೆ ಆಕೆ ಕ್ಯಾನ್ಸರ್‌ನಿಂದ ಸಾಯುವ ಮಾತೇ ಇಲ್ಲ. ಹೀಗೆ ಒಂದು ಘಟನೆ ನಡೆದು ಇನ್ನೊಂದರ ಬಾಗಿಲನ್ನೇ ಮುಚ್ಚಿಬಿಡುವ ಸಂದರ್ಭವನ್ನು ಪೈಪೋಟಿಯ ಅಪಾಯಗಳು ಎಂದು ಕರೆಯುತ್ತಾರೆ. ಯಾವುದು ಮೊದಲು ಬರುತ್ತದೋ ಅದು ದಾಖಲಾಗುತ್ತದೆ. ಉಳಿದವು ಯಾವಾಗ ಬರುತ್ತಿದ್ದವು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಈ ಲೆಕ್ಕಕ್ಕೆ ಇಳಿಯುವ ಮೊದಲು ಒಂದು ಪದವನ್ನು ಅರ್ಥ ಮಾಡಿಕೊಳ್ಳಬೇಕು. ಅದು ಸೆನ್ಸಾರ್. ಸಿನಿಮಾದಲ್ಲಿ ಸೆನ್ಸಾರ್ ಎಂದರೆ ಕತ್ತರಿ. ಸಂಖ್ಯಾಶಾಸ್ತ್ರದಲ್ಲಿ ಅದು ಒಂದು ಪ್ರಾಮಾಣಿಕ ಒಪ್ಪಿಗೆ: ಇಲ್ಲಿಯವರೆಗೆ ಗೊತ್ತು, ಇಲ್ಲಿಂದಾಚೆ ಗೊತ್ತಿಲ್ಲ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆಗಿದ್ದ ರೋಗಿಯೊಬ್ಬರು ಎರಡು ವರ್ಷ ತಪಾಸಣೆಗೆ ಬಂದು, ಆಮೇಲೆ ಮಗನ ಕೆಲಸ ಬದಲಾದ ಕಾರಣ ಮನೆ ಖಾಲಿ ಮಾಡಿ ಹುಬ್ಬಳ್ಳಿಗೆ ಹೋದರು ಎನ್ನೋಣ. ಎರಡು ವರ್ಷ ಬದುಕಿದ್ದರು ಎಂಬುದು ಖಚಿತ, ಮುಂದಿನದು ಅಜ್ಞಾತ. ಅವರನ್ನು ಸತ್ತವರ ಪಟ್ಟಿಗೆ ಸೇರಿಸುವುದು ತಪ್ಪು, ಲೆಕ್ಕದಿಂದಲೇ ಕಿತ್ತುಹಾಕುವುದೂ ತಪ್ಪು. ಎರಡು ವರ್ಷದವರೆಗೆ ಅವರನ್ನು ಎಣಿಸಿ, ಅಲ್ಲಿಂದಾಚೆ ಬಿಡುವುದು ಸರಿಯಾದ ದಾರಿ.

ಇದನ್ನು ಅಚ್ಚುಕಟ್ಟಾಗಿ ಮಾಡುವ ವಿಧಾನ 1958ರಲ್ಲಿ ಪ್ರಕಟವಾಯಿತು. ಎಡ್ವರ್ಡ್ ಕಪ್ಲನ್ ಸಮುದ್ರದಡಿಯ ಟೆಲಿಫೋನ್ ಕೇಬಲ್‌ಗಳಲ್ಲಿ ಬಳಸುವ ವಾಲ್ವ್‌ಗಳು ಎಷ್ಟು ಕಾಲ ಬಾಳುತ್ತವೆ ಎಂದು ನೋಡುತ್ತಿದ್ದರು. ಪಾಲ್ ಮೈಯರ್ ರೋಗಿಗಳ ಉಳಿವನ್ನು ಅಳೆಯುತ್ತಿದ್ದರು. ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದಿದ್ದರಿಂದ ಲೇಖನ ಜಂಟಿಯಾಗಿ ಬಂತು. ಇವತ್ತು ವೈದ್ಯಕೀಯ ಪತ್ರಿಕೆಗಳಲ್ಲಿ ಮೆಟ್ಟಿಲಿನಂತೆ ಇಳಿಯುವ ಗೆರೆ ಕಂಡರೆ ಅದು ಬಹುಮಟ್ಟಿಗೆ ಕಪ್ಲನ್–ಮೈಯರ್ ಗೆರೆ. ಪ್ರತಿ ಹಂತದಲ್ಲೂ ಅದು ಕೇಳುವುದು ಇಷ್ಟೇ: ಈ ಹೊತ್ತಿನಲ್ಲಿ ನಮ್ಮ ಕಣ್ಣಳತೆಯಲ್ಲಿ ಇದ್ದವರೆಷ್ಟು, ಅವರಲ್ಲಿ ಈ ಹಂತ ದಾಟಿದವರೆಷ್ಟು? ಆ ಭಾಗಗಳನ್ನು ಒಂದಕ್ಕೊಂದು ಗುಣಿಸುತ್ತ ಹೋದರೆ ಉಳಿವಿನ ಸಂಭವ ಸಿಗುತ್ತದೆ.

ಇದರ ಹಿಂದೆ ಒಂದು ನಂಬಿಕೆ ಇದೆ. ಕಣ್ಮರೆಯಾದವರೂ ಉಳಿದವರಂತೆಯೇ ಇದ್ದಾರೆ, ಅವರಿಗೂ ಅಷ್ಟೇ ಅಪಾಯ ಎಂಬ ನಂಬಿಕೆ. ಮಗನ ಕೆಲಸದ ಕಾರಣಕ್ಕೆ ಹುಬ್ಬಳ್ಳಿಗೆ ಹೋದವರ ಮಟ್ಟಿಗೆ ಇದು ನಡೆಯುತ್ತದೆ. ಕಾಯಿಲೆ ಉಲ್ಬಣಿಸಿ, ಕೊನೆಗಾಲಕ್ಕೆ ಹುಟ್ಟೂರೇ ಸೈ ಎಂದು ಹೊರಟವರ ಮಟ್ಟಿಗೆ ನಡೆಯುವುದಿಲ್ಲ. ನಮ್ಮಲ್ಲಿ ಇಂಥವರು ಕಡಿಮೆಯಿಲ್ಲ, ಆದ್ದರಿಂದ ‘ಸಂಪರ್ಕ ತಪ್ಪಿದೆ’ ಎಂಬ ಎರಡು ಪದಗಳನ್ನು ಸಂಶೋಧಕರು ಹಗುರವಾಗಿ ತೆಗೆದುಕೊಳ್ಳಬಾರದು. ಇನ್ನು ಹೃದಯಾಘಾತದಿಂದ ತೀರಿಕೊಂಡ ಅಜ್ಜಿಯ ಮಟ್ಟಿಗಂತೂ ಆ ನಂಬಿಕೆಗೆ ಅರ್ಥವೇ ಇಲ್ಲ. ಅವರು ಕಣ್ಮರೆಯಾಗಿಲ್ಲ, ಅವರಿಗೇನಾಯಿತು ಎಂಬುದು ಚೆನ್ನಾಗಿ ಗೊತ್ತಿದೆ. ಅವರನ್ನೂ ‘ಸೆನ್ಸಾರ್’ ಎಂದು ಗುರುತಿಸಿದರೆ, ಅವರು ಎಲ್ಲೋ ಬದುಕಿದ್ದು ಮುಂದೆ ಕ್ಯಾನ್ಸರ್‌ನಿಂದ ಸಾಯಬಹುದು ಎಂದು ಲೆಕ್ಕ ಹಾಕಿದಂತಾಗುತ್ತದೆ.

ಇದರ ಪರಿಣಾಮ ಎಷ್ಟಿರುತ್ತದೆ ಎಂದು ತಿಳಿಯಲು ಕಾಗದ ಪೆನ್ಸಿಲ್ ಸಾಕು. ಲೆಕ್ಕಕ್ಕಾಗಿ ಹತ್ತು ಮಂದಿ ವಯಸ್ಸಾದ ಹೆಂಗಸರನ್ನು ಕಲ್ಪಿಸಿಕೊಳ್ಳೋಣ. ಎಲ್ಲರಿಗೂ ಒಂದೇ ಬಗೆಯ ಕ್ಯಾನ್ಸರ್, ಎಲ್ಲರನ್ನೂ ಐದು ವರ್ಷ ತಪ್ಪದೆ ಗಮನಿಸಲಾಗಿದೆ. ಮೊದಲ ವರ್ಷ ಇಬ್ಬರು ಕ್ಯಾನ್ಸರ್‌ನಿಂದ ಸಾಯುತ್ತಾರೆ, ಎಂಟು ಮಂದಿ ಉಳಿಯುತ್ತಾರೆ. ಎರಡನೆಯ ವರ್ಷ ನಾಲ್ವರು ಹೃದಯದ ಕಾಯಿಲೆ, ಪಾರ್ಶ್ವವಾಯು ಮುಂತಾದ ಬೇರೆ ಕಾರಣಗಳಿಂದ ತೀರಿಕೊಳ್ಳುತ್ತಾರೆ, ಉಳಿದವರು ನಾಲ್ವರು. ಮೂರನೆಯ ವರ್ಷ ಕ್ಯಾನ್ಸರ್‌ಗೆ ಒಬ್ಬರು, ನಾಲ್ಕನೆಯ ವರ್ಷ ಬೇರೆ ಕಾರಣಕ್ಕೆ ಒಬ್ಬರು, ಐದನೆಯ ವರ್ಷ ಮತ್ತೆ ಕ್ಯಾನ್ಸರ್‌ಗೆ ಒಬ್ಬರು. ಕೊನೆಗೆ ಬದುಕಿರುವವರು ಒಬ್ಬರೇ.

ಬೆರಳೆಣಿಸಿದರೆ ಉತ್ತರ ಸ್ಪಷ್ಟ: ಕ್ಯಾನ್ಸರ್‌ಗೆ ನಾಲ್ವರು, ಅಂದರೆ ಶೇ 40. ಬೇರೆ ಕಾರಣಕ್ಕೆ ಐವರು, ಶೇ 50. ಉಳಿದವರು ಶೇ 10. ಈಗ ಬೇರೆ ಕಾರಣದ ಸಾವುಗಳನ್ನು ಸೆನ್ಸಾರ್ ಎಂದು ಗುರುತಿಸಿ ಕಪ್ಲನ್–ಮೈಯರ್ ಲೆಕ್ಕ ಹಾಕೋಣ. ಮೊದಲ ವರ್ಷ ಹತ್ತರಲ್ಲಿ ಎಂಟು ಮಂದಿ ದಾಟಿದರು, ಮೂರನೆಯ ವರ್ಷ ನಾಲ್ವರಲ್ಲಿ ಮೂವರು, ಐದನೆಯ ವರ್ಷ ಇಬ್ಬರಲ್ಲಿ ಒಬ್ಬರು. ಮೂರನ್ನೂ ಗುಣಿಸಿದರೆ 0.30. ಅಂದರೆ ಕ್ಯಾನ್ಸರ್ ಸಾವಿನ ಸಂಭವ ಶೇ 70 ಎಂದು ಬರುತ್ತದೆ. ಶೇ 40 ಎಲ್ಲಿ, ಶೇ 70 ಎಲ್ಲಿ! ಇದೇ ಕ್ರಮದಲ್ಲಿ, ಈ ಬಾರಿ ಕ್ಯಾನ್ಸರ್ ಸಾವುಗಳನ್ನು ಸೆನ್ಸಾರ್ ಮಾಡಿ ಬೇರೆ ಕಾರಣಗಳ ಲೆಕ್ಕ ತೆಗೆದರೆ ಸುಮಾರು ಶೇ 67 ಸಿಗುತ್ತದೆ. ಎರಡನ್ನೂ ಕೂಡಿದರೆ ಶೇ 137. ನೂರು ಜನರಲ್ಲಿ ನೂರಮೂವತ್ತೇಳು ಜನ ಸಾಯುವುದು ಯಾವ ಲೋಕದಲ್ಲೂ ಸಾಧ್ಯವಿಲ್ಲ.

ತಪ್ಪು ಗುಣಾಕಾರದ್ದಲ್ಲ, ಪ್ರಶ್ನೆಯದು. ಶೇ 70 ಎಂಬ ಅಂಕಿ ಉತ್ತರಿಸುವುದು, ‘ಕ್ಯಾನ್ಸರ್ ಬಿಟ್ಟು ಬೇರೆ ಯಾವ ಕಾರಣದಿಂದಲೂ ಯಾರೂ ಸಾಯದ ಲೋಕವಿದ್ದರೆ ಏನಾಗುತ್ತಿತ್ತು’ ಎಂಬ ಪ್ರಶ್ನೆಗೆ. ಅದೂ ಎರಡು ಅಪಾಯಗಳಿಗೆ ಪರಸ್ಪರ ಸಂಬಂಧವೇ ಇಲ್ಲ ಎಂದು ನಂಬಿದರೆ ಮಾತ್ರ. ಆ ನಂಬಿಕೆ ನಿಜವೋ ಸುಳ್ಳೋ ಎಂದು ಕೈಲಿರುವ ಅಂಕಿಅಂಶಗಳಿಂದಷ್ಟೇ ಪರೀಕ್ಷಿಸಲು ಬರುವುದಿಲ್ಲ ಎಂದು ಅನಸ್ತಾಸಿಯೋಸ್ ಸಿಯಾಟಿಸ್ 1975ರಲ್ಲಿ ಗಣಿತದ ಮೂಲಕ ತೋರಿಸಿದರು. ಒಬ್ಬ ಮನುಷ್ಯ ಒಂದೇ ಸಲ ಸಾಯುತ್ತಾನೆ. ಎರಡನೆಯ ಸಾವಿನ ದಿನಾಂಕ ಯಾವ ಕಡತದಲ್ಲೂ ಇರುವುದಿಲ್ಲ.

ಸರಿಯಾದ ಲೆಕ್ಕಕ್ಕೆ ಸಂಚಿತ ಸಂಭವ ಎಂದು ಹೆಸರು. ಅದರ ಯುಕ್ತಿ ಸರಳವಾದದ್ದು. ಮೂರನೆಯ ವರ್ಷ ಕ್ಯಾನ್ಸರ್‌ನಿಂದ ಸಾಯಬೇಕಾದರೆ ಮೊದಲು ಮೂರನೆಯ ವರ್ಷದವರೆಗೆ ಬದುಕಿರಬೇಕು, ಕ್ಯಾನ್ಸರ್ ಒಂದನ್ನೇ ಅಲ್ಲ, ಎಲ್ಲ ಅಪಾಯಗಳನ್ನೂ ದಾಟಿ. ಮೇಲಿನ ಉದಾಹರಣೆಯಲ್ಲಿ ಅಲ್ಲಿಯವರೆಗೆ ಬದುಕಿದವರು ಹತ್ತರಲ್ಲಿ ನಾಲ್ವರು, ಅವರಲ್ಲಿ ಆ ವರ್ಷ ಕ್ಯಾನ್ಸರ್‌ಗೆ ಬಲಿಯಾದವರು ನಾಲ್ಕರಲ್ಲಿ ಒಬ್ಬರು. ಗುಣಿಸಿದರೆ ಶೇ 10. ಮೊದಲ ವರ್ಷದ ಶೇ 20, ಮೂರನೆಯ ವರ್ಷದ ಶೇ 10, ಐದನೆಯ ವರ್ಷದ ಶೇ 10 ಸೇರಿ ಶೇ 40. ಬೆರಳೆಣಿಕೆಯ ಉತ್ತರವೇ ಮರಳಿ ಬಂತು. ನಡುವೆ ಮನೆ ಬದಲಿಸಿ ಹೋದವರಿದ್ದರೂ ಈ ಲೆಕ್ಕವನ್ನು ನಡೆಸಬಹುದು ಎಂಬುದಕ್ಕೆ ಗಟ್ಟಿಯಾದ ಗಣಿತದ ಬುನಾದಿ ಹಾಕಿದವರು ನಾರ್ವೆಯ ಓಡ್ ಆಲೆನ್ ಮತ್ತು ಡೆನ್ಮಾರ್ಕ್‌ನ ಸೋರೆನ್ ಯೋಹಾನ್ಸೆನ್, 1978ರಲ್ಲಿ. ಎರಡು ಗುಂಪುಗಳ ಸಂಚಿತ ಸಂಭವವನ್ನು ಹೋಲಿಸುವ ಪರೀಕ್ಷೆಯನ್ನು ರಾಬರ್ಟ್ ಗ್ರೇ 1988ರಲ್ಲಿ ಕೊಟ್ಟರು.

ಪ್ರಶ್ನೆ ಮಾತ್ರ ಇವರೆಲ್ಲರಿಗಿಂತ ಎರಡು ಶತಮಾನ ಹಳೆಯದು. ಸಿಡುಬು ಇಲ್ಲವಾದರೆ ಜನರ ಆಯುಸ್ಸು ಎಷ್ಟು ಹೆಚ್ಚುತ್ತದೆ ಎಂದು ಸ್ವಿಸ್ ಗಣಿತಜ್ಞ ಡೇನಿಯಲ್ ಬರ್ನೂಲಿ 1760ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಲೆಕ್ಕ ಮಂಡಿಸಿದ. ಸಿಡುಬು ಬಾರದವರಲ್ಲಿ ವರ್ಷಕ್ಕೆ ಎಂಟರಲ್ಲಿ ಒಬ್ಬರಿಗೆ ಅದು ತಗಲುತ್ತದೆ, ತಗಲಿದ ಎಂಟರಲ್ಲಿ ಒಬ್ಬರು ಸಾಯುತ್ತಾರೆ ಎಂದು ಅವನು ಇಟ್ಟುಕೊಂಡ. ಸರಾಸರಿ ಆಯುಸ್ಸು 26 ವರ್ಷ 7 ತಿಂಗಳಿಂದ 29 ವರ್ಷ 9 ತಿಂಗಳಿಗೆ ಏರುತ್ತದೆ ಎಂಬುದು ಅವನ ಉತ್ತರ. ಊರನ್ನೇ ನಡುಗಿಸಿದ ಮಾರಿ ಪೂರ್ತಿ ತೊಲಗಿದರೂ ಸಿಗುವ ಲಾಭ ಮೂರು ವರ್ಷ ಚಿಲ್ಲರೆ ಮಾತ್ರ. ಸಿಡುಬಿನಿಂದ ಪಾರಾದ ಮಗುವಿಗಾಗಿ ಬೇರೆ ಕಾಯಿಲೆಗಳು ಕಾದೇ ಇದ್ದವು ಎಂಬುದು ಇದಕ್ಕೆ ಕಾರಣ. ಮೈಸೂರು ಅರಮನೆಯೂ ಈ ರೋಗದ ಕಥೆಯಿಂದ ಹೊರಗಿಲ್ಲ. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬಿಡಿಸಿದ ಮೂವರು ರಾಜವಂಶದ ಸ್ತ್ರೀಯರ ಚಿತ್ರ ಸಿಡುಬಿನ ಲಸಿಕೆಯ ಪ್ರಚಾರಕ್ಕೆಂದೇ ಮಾಡಿದ್ದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ.

ಇವತ್ತಿನ ಬೆಂಗಳೂರಿಗೆ ಬಂದರೆ, ಈ ಲೆಕ್ಕಕ್ಕೆ ಬೇಕಾದ ಕಚ್ಚಾ ಸಾಮಗ್ರಿ ನಾಲ್ಕು ದಶಕಗಳಿಂದ ಕೂಡುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರ ಜನವರಿಯಲ್ಲಿ ಮುಂಬೈ, ಚೆನ್ನೈ ಮತ್ತು ಬೆಂಗಳೂರಿನಲ್ಲಿ ಜನಸಂಖ್ಯೆ ಆಧಾರಿತ ನೋಂದಣಿ ಶುರುವಾಯಿತು. ಬೆಂಗಳೂರಿನದು ಕಿದ್ವಾಯಿ ಸಂಸ್ಥೆಯಲ್ಲಿದೆ. ಒಂದು ಆಸ್ಪತ್ರೆಗೆ ಬಂದವರನ್ನಷ್ಟೇ ಅಲ್ಲ, ಊರಿನಲ್ಲಿ ನೆಲೆಸಿದ ಯಾರಿಗೇ ಎಲ್ಲೇ ಕ್ಯಾನ್ಸರ್ ಪತ್ತೆಯಾದರೂ ದಾಖಲಿಸುವುದು ಇದರ ಉದ್ದೇಶ. ಪತ್ತೆಯಾದದ್ದನ್ನು ಬರೆದುಕೊಂಡರೆ ಅರ್ಧ ಕೆಲಸ ಮಾತ್ರ ಆಯಿತು. ಆಮೇಲೆ ಆ ವ್ಯಕ್ತಿ ಏನಾದರು ಎಂದು ತಿಳಿಯಬೇಕಾದರೆ ಮನೆಯ ತನಕ ಹೋಗಬೇಕು. ರಾಜಾಜಿನಗರದಂಥ ಬಡಾವಣೆಯಲ್ಲಿ ಬ್ಲಾಕ್, ಮೇನ್, ಕ್ರಾಸ್ ಮೂರೂ ಸರಿಯಿದ್ದರೆ ಮಾತ್ರ ಮನೆ ಸಿಗುತ್ತದೆ; ಕಾರ್ಡಿನಲ್ಲಿ ‘6ನೇ ಕ್ರಾಸ್, ರಾಜಾಜಿನಗರ’ ಎಂದಷ್ಟೇ ಬರೆದಿದ್ದರೆ ಯಾವ ಬ್ಲಾಕಿನ ಆರನೇ ಕ್ರಾಸ್ ಎಂದು ಹುಡುಕಬೇಕು. ವಠಾರದ ಮನೆಯಾದರೆ ಬಾಡಿಗೆದಾರರು ಬದಲಾಗಿರುತ್ತಾರೆ, ಪಕ್ಕದ ಮನೆಯವರ ನೆನಪೇ ಆಧಾರವಾಗುತ್ತದೆ. ಉಳಿವಿನ ಗೆರೆಯ ಒಂದೊಂದು ಮೆಟ್ಟಿಲಿನ ಹಿಂದೆಯೂ ಇಂಥ ಓಡಾಟ ಇದೆ, ಮತ್ತು ಆ ಓಡಾಟ ಮಾಡಿದವರ ಹೆಸರು ಲೇಖನಗಳಲ್ಲಿ ಕಾಣುವುದು ಕಡಿಮೆ.

ಹೀಗೆ ಮನೆಮನೆಗೆ ಹೋಗಿ ಕೂಡಿಸಿದ ಮಾಹಿತಿಯಿಂದ ಹುಟ್ಟಿದ ಒಂದು ಅಧ್ಯಯನ 1995ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಬಂತು. ಎ. ನಂದಕುಮಾರ್ ಮತ್ತು ಸಂಗಡಿಗರು 1982ರಿಂದ 1989ರವರೆಗೆ ಬೆಂಗಳೂರಿನಲ್ಲಿ ದಾಖಲಾದ ಗರ್ಭಕೊರಳಿನ ಕ್ಯಾನ್ಸರ್ ರೋಗಿಗಳ ಉಳಿವನ್ನು ಅಳೆದಿದ್ದರು. ಅದರಲ್ಲಿ ಐದು ವರ್ಷದ ಉಳಿವಿಗೆ ಎರಡು ಅಂಕಿಗಳಿವೆ: ಒಂದು ಶೇ 34.4, ಇನ್ನೊಂದು ಶೇ 38.3. ಒಂದೇ ಹೆಂಗಸರ ಗುಂಪಿಗೆ ಎರಡು ಉತ್ತರ ಹೇಗೆ ಬಂತು ಎಂದು ಓದುಗರು ಕೇಳುವುದು ಸಹಜ. ಮೊದಲನೆಯದು ಕಣ್ಣಿಗೆ ಕಂಡ ಉಳಿವು, ಯಾವ ಕಾರಣದಿಂದಲಾದರೂ ಸರಿ, ಸತ್ತವರನ್ನು ಬಿಟ್ಟು ಬದುಕಿದ್ದವರ ಪಾಲು. ಎರಡನೆಯದು ಸಾಪೇಕ್ಷ ಉಳಿವು. ಅದೇ ವಯಸ್ಸಿನ, ಇದೇ ಪ್ರದೇಶದ ಸಾಮಾನ್ಯ ಹೆಂಗಸರಲ್ಲಿ ಐದು ವರ್ಷ ಬದುಕುವವರೆಷ್ಟು ಎಂಬ ಅಂಕಿಯಿಂದ ಮೊದಲನೆಯದನ್ನು ಭಾಗಿಸಿದರೆ ಇದು ಸಿಗುತ್ತದೆ. ನಡುವಿನ ಸುಮಾರು ನಾಲ್ಕು ಅಂಶದ ಅಂತರವೇ ಬೇರೆ ಸಾವುಗಳ ಪಾಲು, ಅಂದರೆ ಪೈಪೋಟಿಯ ಅಪಾಯಗಳ ಗುರುತು. ಬೆಂಗಳೂರಿನ ಚಿಕಿತ್ಸೆಯನ್ನು ಇನ್ನೊಂದು ದೇಶದ ಚಿಕಿತ್ಸೆಗೆ ಹೋಲಿಸಬೇಕಾದರೆ ಸಾಪೇಕ್ಷ ಉಳಿವು ಬೇಕು, ಏಕೆಂದರೆ ಎರಡು ದೇಶಗಳ ಜನ ಬೇರೆ ಕಾರಣಗಳಿಂದ ಸಾಯುವ ಪ್ರಮಾಣ ಒಂದೇ ಆಗಿರುವುದಿಲ್ಲ. ಇಲ್ಲಿನ ಹೆಣ್ಣುಮಗಳೊಬ್ಬಳ ಮನೆಯವರಿಗೆ ಬೇಕಾದದ್ದು ಕಣ್ಣಿಗೆ ಕಂಡ ಉಳಿವು. ಹಿರಿಯ ವಯಸ್ಸಿನಲ್ಲಿ ಬರುವ ಪ್ರಾಸ್ಟೇಟ್ ಕ್ಯಾನ್ಸರ್‌ನಂಥ ಕಾಯಿಲೆಗಳಲ್ಲಿ ಈ ಅಂತರ ಇನ್ನೂ ಹಿರಿದಾಗುತ್ತದೆ.

ಒಂದು ಅಂಶ ಅಪಾಯವನ್ನು ಹೆಚ್ಚಿಸುತ್ತದೆಯೋ ತಗ್ಗಿಸುತ್ತದೆಯೋ ಎಂದು ಕೇಳುವಾಗ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಮಾದರಿಗಳಿವೆ. ಡೇವಿಡ್ ಕಾಕ್ಸ್ 1972ರಲ್ಲಿ ಕೊಟ್ಟ ಮಾದರಿಯನ್ನು ಒಂದೊಂದು ಕಾರಣಕ್ಕೂ ಪ್ರತ್ಯೇಕವಾಗಿ ಹೂಡುವುದು ಒಂದು. ಇದು, ಈ ಕ್ಷಣದಲ್ಲಿ ಬದುಕಿರುವವರಲ್ಲಿ ಆ ಘಟನೆ ಎಷ್ಟು ವೇಗವಾಗಿ ಆಗುತ್ತಿದೆ ಎಂದು ಹೇಳುತ್ತದೆ. ಇನ್ನೊಂದು ಜೇಸನ್ ಫೈನ್ ಮತ್ತು ರಾಬರ್ಟ್ ಗ್ರೇ 1999ರಲ್ಲಿ ಕೊಟ್ಟದ್ದು. ಇದು ನೇರವಾಗಿ ಸಂಚಿತ ಸಂಭವದ ಮೇಲೆ ಕೆಲಸ ಮಾಡುತ್ತದೆ. ಬೇರೆ ಕಾರಣದಿಂದ ತೀರಿಕೊಂಡವರ ಹೆಸರನ್ನೂ ಇದು ಎಣಿಕೆಯ ಪಟ್ಟಿಯಲ್ಲೇ ಉಳಿಸಿಕೊಳ್ಳುತ್ತದೆ. ಸತ್ತವರನ್ನು ಅಪಾಯದಲ್ಲಿರುವವರು ಎಂದು ಎಣಿಸುವುದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಅವರಿಗೆ ಇನ್ನೆಂದೂ ಆ ಘಟನೆ ಆಗದು ಎಂಬ ಸತ್ಯವನ್ನು ಲೆಕ್ಕಕ್ಕೆ ಸೇರಿಸುವ ದಾರಿಯೇ ಅದು.

ಎರಡೂ ಬೇರೆ ಬೇರೆ ಉತ್ತರ ಕೊಡುವ ಸಂದರ್ಭ ನಮ್ಮ ಸುತ್ತಲೇ ಇದೆ. ಬಸವೇಶ್ವರನಗರದ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್‌ಗೆ ಬರುವ ಹಿರಿಯರಲ್ಲಿ ಮಂಡಿ ಆಪರೇಷನ್ ಆದವರು ಹಲವರಿರುತ್ತಾರೆ, ‘ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ ಡಾಕ್ಟ್ರೇ?’ ಎಂದು ಕೇಳದವರು ಕಡಿಮೆ. ಕೃತಕ ಕೀಲು ಹಾಕಿಸಿಕೊಂಡ ನೂರು ನೂರು ಜನರ ಎರಡು ಗುಂಪುಗಳನ್ನು ಊಹಿಸೋಣ. ಎರಡರಲ್ಲೂ ಬದುಕಿರುವವರ ಪೈಕಿ ವರ್ಷಕ್ಕೆ ನೂರಕ್ಕೆ ಒಬ್ಬರಿಗೆ ಕೀಲು ಸಡಿಲವಾಗಿ ಮತ್ತೆ ಆಪರೇಷನ್ ಬೇಕಾಗುತ್ತದೆ. ಮೊದಲ ಗುಂಪಿನವರು ಹತ್ತು ವರ್ಷವೂ ಬದುಕಿರುತ್ತಾರೆ. ಸುಮಾರು ಹತ್ತು ಮಂದಿಗೆ ಮರು ಆಪರೇಷನ್. ಎರಡನೆಯ ಗುಂಪಿನವರಿಗೆ ಹೃದಯದ ಕಾಯಿಲೆಯಿದ್ದು ಅರ್ಧದಷ್ಟು ಜನ ಮೊದಮೊದಲೇ ತೀರಿಕೊಳ್ಳುತ್ತಾರೆ. ಮರು ಆಪರೇಷನ್ ಸುಮಾರು ಐದು ಮಂದಿಗೆ. ಫೈನ್–ಗ್ರೇ ಮಾದರಿಯಲ್ಲಿ ಹೃದಯದ ಕಾಯಿಲೆ ಮರು ಆಪರೇಷನ್ನನ್ನು ತಗ್ಗಿಸುತ್ತದೆ ಎಂದು ಕಾಣುತ್ತದೆ. ಕಾರಣವಾರು ಕಾಕ್ಸ್ ಮಾದರಿಯಲ್ಲಿ ಎರಡೂ ಗುಂಪು ಸಮ. ಹೃದಯದ ಕಾಯಿಲೆ ಮಂಡಿಯನ್ನು ಕಾಪಾಡುತ್ತದೆ ಎಂದು ಯಾರಾದರೂ ಬರೆದರೆ ಅದು ಅಪಾರ್ಥ. ಕೀಲಿನ ಗುಣಮಟ್ಟ ತಿಳಿಯಬೇಕಾದ ತಯಾರಕರಿಗೆ ಕಾರಣವಾರು ಲೆಕ್ಕ ಬೇಕು. ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಮರು ಆಪರೇಷನ್ ಮಾಡಬೇಕಾದೀತು ಎಂದು ಯೋಜಿಸುವ ಆಸ್ಪತ್ರೆಗೆ, ತನಗೇನಾದೀತು ಎಂದು ಕೇಳುವ ರೋಗಿಗೆ ಸಂಚಿತ ಸಂಭವ ಬೇಕು. ಒಳ್ಳೆಯ ಅಧ್ಯಯನ ಎರಡನ್ನೂ ಕೊಡುತ್ತದೆ, ಮತ್ತು ಪೈಪೋಟಿಯಲ್ಲಿರುವ ಪ್ರತಿಯೊಂದು ಘಟನೆಗೂ ಕೊಡುತ್ತದೆ. ಇದಕ್ಕೆ ಬೇಕಾದ ‘ಆರ್’ ಎಂಬ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ.

ಪೈಪೋಟಿಗೆ ಬೀಳುವ ಘಟನೆ ಕೆಟ್ಟದ್ದೇ ಆಗಿರಬೇಕಿಲ್ಲ. ಡಯಾಲಿಸಿಸ್‌ನಲ್ಲಿರುವ ರೋಗಿಗೆ ಕಿಡ್ನಿ ಕಸಿಯಾದರೆ ಅದು ಸಂತೋಷದ ಸುದ್ದಿ. ‘ಡಯಾಲಿಸಿಸ್‌ನಲ್ಲಿದ್ದಾಗ ಸಾವು’ ಎಂಬ ಘಟನೆಗೆ ಅದೇ ಪೈಪೋಟಿ. ಕಸಿಯಾದವರನ್ನು ಸೆನ್ಸಾರ್ ಮಾಡಿ ಲೆಕ್ಕ ಹಾಕಿದರೆ ಮತ್ತೆ ಅದೇ ತಪ್ಪು, ಇಲ್ಲಿ ಇನ್ನೂ ಗಟ್ಟಿಯಾಗಿ. ಕಸಿಗೆ ಯೋಗ್ಯರೆಂದು ಆರಿಸುವುದು ಸಾಮಾನ್ಯವಾಗಿ ಆಪರೇಷನ್ ತಡೆದುಕೊಳ್ಳುವಷ್ಟು ಗಟ್ಟಿಯಾಗಿರುವವರನ್ನು. ಉಳಿದವರು ಹೆಚ್ಚು ಬಳಲಿದವರು. ಹೋದವರಿಗೂ ಉಳಿದವರಷ್ಟೇ ಅಪಾಯ ಎಂದು ಊಹಿಸಿದರೆ ಸಾವಿನ ಸಂಭವ ಅತಿಯಾಗಿ ಕಾಣುತ್ತದೆ.

ಈ ಎಲ್ಲ ಗಣಿತ ನಿಂತಿರುವುದು ಒಂದು ಕಾಗದದ ಮೇಲೆ, ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ. ಆಸ್ಪತ್ರೆಯಲ್ಲಿ ಸಾವಾದರೆ ನಮೂನೆ 4, ಹೊರಗಾದರೆ ನಮೂನೆ 4ಎ. ಅದರಲ್ಲಿ ಕಾರಣವನ್ನು ಸರಪಳಿಯಂತೆ ಬರೆಯಬೇಕು. ಸಕ್ಕರೆ ಕಾಯಿಲೆಯ ರೋಗಿಯೊಬ್ಬರ ಕಾಲಿನ ಗಾಯ ಕೊಳೆತು, ರಕ್ತಕ್ಕೆ ನಂಜೇರಿ ಸಾವು ಬಂತು ಎನ್ನೋಣ. ಮೊದಲ ಸಾಲಿನಲ್ಲಿ ನಂಜು, ಅದಕ್ಕೆ ಕಾರಣ ಕೊಳೆತ ಗಾಯ, ಅದಕ್ಕೆ ಕಾರಣ ಸಕ್ಕರೆ ಕಾಯಿಲೆ. ಕೊನೆಯ ಸಾಲಿನಲ್ಲಿರುವ ಸಕ್ಕರೆ ಕಾಯಿಲೆಯೇ ಮೂಲ ಕಾರಣ, ಅಂಕಿಅಂಶಕ್ಕೆ ಹೋಗುವುದು ಅದೇ. ಇದರ ಬದಲು ‘ಹೃದಯ ಮತ್ತು ಉಸಿರಾಟ ಸ್ತಂಭನ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಸಾಯುವ ಪ್ರತಿಯೊಬ್ಬರ ಹೃದಯವೂ ಉಸಿರೂ ನಿಲ್ಲುತ್ತದೆ. ಅಂಥ ಪ್ರಮಾಣಪತ್ರ ಕ್ಯಾನ್ಸರ್ ಸಾವನ್ನು ಹೃದಯದ ಖಾತೆಗೆ ಜಮಾ ಮಾಡಿಬಿಡಬಹುದು, ಆಗ ಫೈನ್–ಗ್ರೇ ಮಾದರಿಯೂ ಸುಳ್ಳನ್ನೇ ನಾಜೂಕಾಗಿ ಹೇಳುತ್ತದೆ. ಸಾವಿನ ಕಾರಣವನ್ನು ನಂಬಲಾಗದ ಕಡೆ ಸಾಪೇಕ್ಷ ಉಳಿವಿನ ಲೆಕ್ಕಕ್ಕೆ ಬೆಲೆ ಬರುವುದು ಇದಕ್ಕೇ; ಅದಕ್ಕೆ ಸಾವಿನ ದಿನಾಂಕ ಸಾಕು, ಕಾರಣ ಬೇಡ.

ಜನ ಹೆಚ್ಚು ಕಾಲ ಬದುಕಿದಷ್ಟೂ ಒಬ್ಬರ ಮೈಯಲ್ಲೇ ಮೂರು ನಾಲ್ಕು ಕಾಯಿಲೆಗಳು ಒಟ್ಟಿಗೆ ಕೂರುತ್ತವೆ, ಪೈಪೋಟಿ ಬಿರುಸಾಗುತ್ತದೆ. ಜನಸಂಖ್ಯೆಗೆ ವಯಸ್ಸಾಗುವುದನ್ನು ಅಧ್ಯಯನ ಮಾಡುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ವಿಜಯನಗರಕ್ಕೆ ಹತ್ತಿರದ ನಾಗರಬಾವಿಯಲ್ಲಿದೆ, ವಿ.ಕೆ.ಆರ್.ವಿ. ರಾವ್ ಅದನ್ನು 1972ರಲ್ಲಿ ಸ್ಥಾಪಿಸಿದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯಲ್ಲಿದೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಅಲ್ಲೇ ಸಮೀಪದಲ್ಲಿದೆ. ಲೆಕ್ಕ ಬಲ್ಲವರಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ನಿಖರವಾದ ಸಾವಿನ ಕಾರಣಕ್ಕೆ, ಸಂಪರ್ಕ ತಪ್ಪದ ವಿಳಾಸಕ್ಕೆ.

ಆ ಕೊರತೆಯನ್ನು ತುಂಬಬಲ್ಲವರು ರೋಗಿಯ ಮನೆಯವರು. ಮನೆ ಬದಲಿಸಿದಾಗ ಆಸ್ಪತ್ರೆಯ ಕಾರ್ಡಿನಲ್ಲಿ ಹೊಸ ವಿಳಾಸ ಮತ್ತು ಫೋನ್ ನಂಬರ್ ಬರೆಸಿ. ಮನೆಯಲ್ಲಿ ಸಾವಾದರೆ, ಚಿಕಿತ್ಸೆ ಕೊಡುತ್ತಿದ್ದ ವೈದ್ಯರಿಗೆ ಮೂಲ ಕಾಯಿಲೆಯ ಕಾಗದಗಳನ್ನು ತೋರಿಸಿ ಕಾರಣವನ್ನು ಸರಿಯಾಗಿ ಬರೆಸಿಕೊಳ್ಳಿ. ಆ ಪ್ರಮಾಣಪತ್ರಕ್ಕೆ ಶುಲ್ಕವಿಲ್ಲ ಎಂದು 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹೇಳುತ್ತದೆ. ಎಷ್ಟೋ ದಿನಗಳ ಮೇಲೆ ನೋಂದಣಿ ಕಚೇರಿಯಿಂದ ಯಾರಾದರೂ ಬಾಗಿಲು ತಟ್ಟಿ ‘ಅಮ್ಮ ಹೇಗಿದ್ದಾರೆ?’ ಎಂದು ಕೇಳಿದರೆ, ಅವರ ಗುರುತಿನ ಚೀಟಿ ನೋಡಿ ಒಳಗೆ ಕರೆಯಿರಿ. ಅಮ್ಮ ಇದ್ದರೆ ಇದ್ದಾರೆ ಎನ್ನಿ. ಇಲ್ಲವಾದರೆ ತಾರೀಖು ಮತ್ತು ಕಾರಣ, ಈ ಎರಡನ್ನು ಹೇಳಿ ಕಳಿಸಿ.